ಸೊಂಟದಿಂದ ಏರುವ ಗುಡ್ಡ

ಪಾದಚಾರಣದ ರಸಿಕರೆಂದು ತಮ್ಮನ್ನು ತಾವೇ ಕರೆದುಕೊಳ್ಳುವ ಮಹನೀಯರಲ್ಲಿ ಬಹುಮಂದಿ, ಯಾವ ಗಿರಿಯನ್ನು ಏರಿಬಂದಿರಿ ಎಂದು ಪರಸ್ಪರ ಕೇಳಿಕೊಳ್ಳುವಾಗ, ಮುಳ್ಳಯ್ಯನಗಿರಿಯ 1,930 ಮೀಟರಿಗೆ ಕಡಿಮೆಯಾದುದನ್ನು ಹೇಳಲು ಸಂಕೋಚಪಡುತ್ತಾರೆ. ನಾನಾದರೋ ಈ ವಾರ ಶಿಫಾರಸು ಮಾಡಹೊರಟಿರುವ ಗುಡ್ಡವು, ತನ್ನ ನೆತ್ತಿಯನ್ನೂ ಸೇರಿಸಿಕೊಂಡು, ಬೆಂಗಳೂರಿನ ನಮ್ಮ ಮರ್ಫಿ ಟೌನಿನ ಬೀದಿಗಳಿಗಿಂತ ಬಹಳ ತಗ್ಗಿನಲ್ಲಿದೆ. ನಮ್ಮ ಬಡಾವಣೆಯು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವುದು. ಶರಾವತಿಯ ಲಿಂಗನಮಕ್ಕಿ ಜಲಾಶಯವು ಪೂರ್ಣವಾಗಿ ತುಂಬಿದಾಗ ಅದರ ನೀರಿನ ಮಟ್ಟ 1,819 ಅಡಿ, ಎಂದರೆ ಸುಮಾರು 554 ಮೀಟರು. ಆ ಹಿನ್ನೀರಿನ ನಡುವೆ ತಲೆಯೆತ್ತಿರುವ ದ್ವೀಪದ ಗುಡ್ಡವೊಂದನ್ನು ಹತ್ತಬೇಕೆಂದು ಹೊರಟ ಬೆಂಗಳೂರಿಗನು ಮೊದಲು ಇಳಿಯಬೇಕು, ಮತ್ತು ನೆತ್ತಿ ಮುಟ್ಟಿದ ಮೇಲೂ ತನ್ನ ಮನೆಯ ಹೊಸ್ತಿಲಿಗಿಂತ ಕೆಳಗೇ ಉಳಿಯಬೇಕು. ಎತ್ತರದ ಅಹಂಕಾರಕ್ಕೆ ಇಲ್ಲಿ ಎಡೆಯೇ ಇಲ್ಲದಿರುವುದು ನನ್ನ ಮಟ್ಟಿಗೆ ಆ ಗುಡ್ಡದ ಪ್ರಥಮ ಗುಣ.

ದ್ವೀಪವೆಂಬುದು ನಮಗೇನೂ ಅಪರಿಚಿತ ವಸ್ತುವಲ್ಲ. ಹಲಸೂರು ಕೆರೆಯ ದಡದಲ್ಲಿ ಪ್ರಾತಃಕಾಲ ಗಾಳಿ ಸೇವಿಸುವವರು ಅದರ ನಡುಗಡ್ಡೆಗಳನ್ನು ನಿತ್ಯವೂ ಕಾಣುತ್ತಾರೆ. ಅಲ್ಲಿ ಕಾಲಿಡುವ ಸೌಭಾಗ್ಯ ಮಾತ್ರ ಹಕ್ಕಿಗಳದು. ಪಕ್ಕದ ಬಂಡೆಯ ಮೇಲಿನ ಕೆಂಪೇಗೌಡರ ಗೋಪುರವೋ ಮದ್ರಾಸ್ ಸ್ಯಾಪರ್ಸ್ ಸೈನ್ಯಾವರಣದ ಒಳಗೆ ಸೇರಿಹೋಗಿದೆ. ಆದಕಾರಣ ನೀರು ಸುತ್ತುವರಿದ ಗುಡ್ಡವನ್ನು ಏರುವ ಬಯಕೆಯುಳ್ಳವನಿಗೆ ಶರಾವತಿಯ ಕಡೆಗೆ ಹೋಗುವ ತಾಳಗುಪ್ಪದ ರೈಲೇ ಗತಿ.

ಶರಾವತಿಯ ಈ ಗುಡ್ಡಗಳು ಹುಟ್ಟಿನಿಂದ ದ್ವೀಪಗಳಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡು, ತಡೆಯಲ್ಪಟ್ಟ ನದಿಯು ಕಣಿವೆಯ ತುಂಬ ಹರಡಿಕೊಂಡಾಗ, ಗದ್ದೆ, ಅಡಕೆಯ ತೋಟ, ಊರುಗಳೊಡನೆ ಗುಡ್ಡಗಳ ಬುಡವೂ ಮುಳುಗಿತು; 1948ರಲ್ಲಿ ಆರಂಭವಾದ ಜೋಗದ ವಿದ್ಯುದಾಗಾರಕ್ಕಾಗಿ ಮಡೇನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ತನ್ನ ಸೈಫನ್ನುಗಳ ಸಮೇತ ನೀರಿನಡಿಗೆ ಸೇರಿತು. ಹೀಗಿರುವುದರಿಂದ, ಹಿನ್ನೀರಿನ ದಡದ ಹೊನ್ನೇಮರಡಿನಲ್ಲಿ ಹರಿಗೋಲು ಹತ್ತಿ ಯಾವುದೋ ದ್ವೀಪದ ಅಂಚಿಗೆ ಇಳಿದವನು ಗುಡ್ಡದ ಪಾದದಲ್ಲಿ ನಿಂತಿರುವುದಿಲ್ಲ, ಸೊಂಟದಲ್ಲಿ ನಿಂತಿರುತ್ತಾನೆ. ಆ ಸೊಂಟವಾದರೂ ಸ್ಥಿರವಲ್ಲ. ಆಶ್ವೀಜದಲ್ಲಿ ಕ್ಷಣಮಾತ್ರದಲ್ಲಿ ಮುಗಿದುಹೋಗುವ ಏರು, ವೈಶಾಖದ ಹೊತ್ತಿಗೆ ನೀರು ಇಳಿದು, ಕಪ್ಪಾದ ಮರದ ಬೊಡ್ಡೆಗಳೂ ಬಿರುಕುಬಿಟ್ಟ ಕೆಸರಿನ ಬಯಲೂ ಹೊರಬಿದ್ದು, ದೀರ್ಘವಾದ ಪ್ರಯಾಣವೇ ಆಗಿಬಿಡುವುದುಂಟು. ವರ್ಷಕ್ಕೊಮ್ಮೆ ಬೆಳೆದು ವರ್ಷಕ್ಕೊಮ್ಮೆ ಕುಗ್ಗುವ ಪರ್ವತವನ್ನು ಪುರಾಣಗಳಲ್ಲಿಯೂ ನಾನು ಓದಿದ ನೆನಪಿಲ್ಲ.

ಮಳೆ ಹಿಂಜರಿಯುತ್ತಿರುವ ಕಾಲವೇ ನನಗೆ ಇಷ್ಟ, ಏಕೆಂದರೆ ಆಗ ನೆಲ ಜೌಗು. ಮೇಲ್ಗಡೆ ಜಂಬಿಟ್ಟಿಗೆಯ ಕಲ್ಲು ಸರಂಧ್ರವಾದುದರಿಂದ ಮಳೆಯ ನೀರನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ. ಅದರಡಿಯ ಜೇಡಿಯು ಮುಂದೆ ಬಿಡದು. ದಾರಿ ಕಾಣದ ನೀರು ಇಳಿಜಾರಿನ ಅರ್ಧದಲ್ಲಿ ಒರತೆಯಾಗಿ ಹೊರಟು, ಹುಲ್ಲಿನ ಬುಡವನ್ನೆಲ್ಲ ನೆನೆಸಿ, ನೋಟಕ್ಕೆ ಗಟ್ಟಿಯಾದುದನ್ನು ಹೆಜ್ಜೆಗೆ ಮೆತ್ತಗಾಗಿಸುತ್ತದೆ. ಅತ್ಯಂತ ಹಸುರಾಗಿ, ಸಮತಟ್ಟಾಗಿ, ಬನ್ನಿರೆಂದು ಕರೆಯುವಂತಿರುವ ಸ್ಥಳವೇ ಅತ್ಯಂತ ವಂಚಕವಾದುದು. ಕರಡದ ಹುಲ್ಲು ಗುತ್ತಿಗುತ್ತಿಯಾಗಿ ಎದ್ದಿರುವಲ್ಲಿ ಕಾಲಿಡಬೇಕು, ಇಡುವ ಮುನ್ನ ಕೋಲಿನಿಂದ ವಿಚಾರಿಸಬೇಕು, ಇಟ್ಟ ಮೇಲೆ ತಡೆಯಬಾರದು. ದುಬಾರಿಯ ಬೂಟುಗಳು ಇಲ್ಲಿ ನೀರು ತುಂಬಿಕೊಳ್ಳುವ ಪಾತ್ರೆಗಳಷ್ಟೆ. ಇಂಬಳಗಳ ವಿಷಯದಲ್ಲಿ ಮಲೆನಾಡಿನವರ ಹಳೆಯ ಚಿಕಿತ್ಸೆಯಾದ ಸುಣ್ಣ ಹೊಗೆಸೊಪ್ಪುಗಳಿಗಿಂತ ಉತ್ತಮವಾದುದನ್ನು ಯಾವ ಅಂಗಡಿಯೂ ನನಗೆ ಮಾರಿಲ್ಲ.

ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಿ ಜೌಗೆಂಬುದು ಸಾವಿರಾರು ವರ್ಷಗಳ ಸಂಚಯ. ಅಲ್ಲಿನ ಚಳಿಯಲ್ಲಿ ಸ್ಫ್ಯಾಗ್ನಮ್ ಪಾಚಿಯು ಸಂಪೂರ್ಣವಾಗಿ ಕೊಳೆಯಲಾರದೆ ಪದರಪದರವಾಗಿ ಪೀಟ್ ಆಗುವುದು, ಜನರು ಅದನ್ನು ಕೊಯ್ದು ಒಣಗಿಸಿ ಒಲೆಗೆ ಹಾಕುವರು. ನಮ್ಮ ಸೆಕೆಯಲ್ಲಿ ಎಲೆಯು ಬಿದ್ದ ಕೂಡಲೇ ಕರಗುವುದರಿಂದ ಇಲ್ಲಿ ಅಂಥ ಕೂಡಿಡುವಿಕೆ ಸಾಧ್ಯವಿಲ್ಲ. ನಮ್ಮ ಜೌಗು ಋತುಮಾನದ ಅತಿಥಿ. ಆದರೆ ಎರಡು ಕಡೆಯೂ ನೆಲ ಬಡವಾದುದೇ. ಅದಕ್ಕೆ ಸಾಕ್ಷಿಯಾಗಿ ಡ್ರೋಸೆರದಂಥ ಕೀಟಾಹಾರಿ ಸಸ್ಯಗಳು ಸ್ಕಾಟ್ಲೆಂಡಿನ ಪೀಟಿನಲ್ಲಿಯೂ ನಮ್ಮ ಜಂಬಿಟ್ಟಿಗೆಯ ಒದ್ದೆ ಹಾಸಿನಲ್ಲಿಯೂ, ಮಣ್ಣು ಕೊಡದುದನ್ನು ನೊಣದಿಂದ ಪಡೆಯುತ್ತ ಬದುಕುತ್ತವೆ. ಮೊಣಕಾಲೂರಿ ಅವುಗಳ ಎಲೆಯಂಚಿನ ಅಂಟುಹನಿಗಳನ್ನು ನೋಡುವುದಕ್ಕಾಗಿ ಅಷ್ಟು ದೂರ ಹೋಗಬಹುದೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ನೆತ್ತಿಯ ಮೇಲಿನ ದೃಶ್ಯವನ್ನು ಕುರಿತು ಅಷ್ಟು ಧೈರ್ಯವಿಲ್ಲ. ಅಲ್ಲಿಂದ ಕಾಣುವುದು ನೀರು, ಮತ್ತು ನೀರಿನಾಚೆ ಇಂಥವೇ ಗುಡ್ಡಗಳು.

2025ರ ಜುಲೈಯಲ್ಲಿ ಈ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸೇತುವೆ ತೆರೆದಾಗ, ಸಿಗಂದೂರಿನ ಲಾಂಚಿನ ಪ್ರಯಾಣ ಇನ್ನಿಲ್ಲವೆಂದು ನಗರದ ಕೆಲವು ವಿಹಾರಿಗಳು ಮರುಗಿದರು. ಅರವತ್ತು ವರ್ಷ ಕಾದವರ ಎದುರಿನಲ್ಲಿ ಆ ಮರುಕ ಶೋಭಿಸದು. ನಾ. ಡಿಸೋಜ ಅವರ ‘ದ್ವೀಪ’ವನ್ನು ಓದಿದವರು, ಅಥವಾ ಗಿರೀಶ ಕಾಸರವಳ್ಳಿಯವರು ಅದರಿಂದ ಮಾಡಿದ ಚಲನಚಿತ್ರವನ್ನು ನೋಡಿದವರು, ಗುಡ್ಡವೊಂದು ನಡುಗಡ್ಡೆಯಾಗುವಾಗ ಅದರ ಮೇಲೆ ಮನುಷ್ಯರಿದ್ದರೆಂಬುದನ್ನು ಮರೆಯಲಾರರು. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವು ನಡೆಯುವುದು ಈ ನೀರಿನಿಂದಲೇ. ನಮ್ಮ ಬಡಾವಣೆಯ ಮಗ್ಗುಲಲ್ಲಿ ಎನ್.ಜಿ.ಇ.ಎಫ್. ಕಾರ್ಖಾನೆಯು ವಿದ್ಯುತ್ ಪರಿವರ್ತಕಗಳನ್ನು ಮಾಡುತ್ತಿದ್ದ ಕಾಲಕ್ಕೆ, ಮುಳುಗಡೆಯ ಸಂತ್ರಸ್ತರು ತಮಗೆ ಕೊಟ್ಟ ಭೂಮಿಗೆ ಹಕ್ಕುಪತ್ರ ಕೇಳುತ್ತಿದ್ದರು, ಈಗಲೂ ಕೇಳುತ್ತಿದ್ದಾರೆ.

ಹೋಗಬಯಸುವ ವಾಚಕರು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾವ ದ್ವೀಪಕ್ಕೂ ಇಳಿಯಬಾರದು, ಹರಿಗೋಲಿನಲ್ಲಿ ಜೀವರಕ್ಷಕ ಕವಚವಿಲ್ಲದೆ ಕೂರಬಾರದು. ಇನ್ನೊಂದು ಪ್ರಾರ್ಥನೆ. ಆ ಗುಡ್ಡಗಳಿಗೆ ಬುಡವಿದ್ದ ಕಾಲದಲ್ಲಿ ಅಲ್ಲಿ ದನ ಮೇಯಿಸಿದವರು, ಸೊಪ್ಪು ಕಡಿದವರು ಸಾಗರ ತಾಲ್ಲೂಕಿನ ಸೀಮೆಯಲ್ಲಿ ಇನ್ನೂ ಇದ್ದಾರೆ, ವಯಸ್ಸಾಗಿದೆ. ಅಂಥ ಹಿರಿಯರು ಸಿಕ್ಕರೆ ನೀವು ಏರಿದ ಗುಡ್ಡದ ಹಳೆಯ ಹೆಸರನ್ನು ಕೇಳಿ ಬರೆದಿಟ್ಟುಕೊಂಡು, ನನಗೂ ಒಂದು ಕಾಗದ ಹಾಕಿರಿ.