ವರ್ಣಲೇಪನದ ಸಾಕ್ಷ್ಯ: ಒಂದು ವಿಮರ್ಶೆ

ಮೆಲನೋಮ ರೋಗನಿರ್ಣಯಕ್ಕಾಗಿ ಅಂಗಾಂಶಕ್ಕೆ ಬಣ್ಣವೇರಿಸುವ ಕ್ರಮವನ್ನು ಇತಿಹಾಸದ ವಿದ್ಯಾರ್ಥಿಯು ಸಾಕ್ಷ್ಯವಿಮರ್ಶೆಯೆಂದೇ ಓದಬಹುದು. ಎಸ್-100 ಬಹುತೇಕ ಮೆಲನೋಮಗಳಲ್ಲಿ ಕಾಣುವುದು ದಿಟ. ನರಪೊರೆಯ ಗಂತಿಗಳಲ್ಲಿಯೂ ಕಾಣುವುದು. 1986ರಲ್ಲಿ ವರದಿಯಾದ ಎಚ್‌ಎಂಬಿ-45 ಹೆಚ್ಚು ನಿರ್ದಿಷ್ಟವಾದರೂ ಕೆಲವು ಬಗೆಗಳಲ್ಲಿ ಮೌನ. ಒಂದೇ ಶಾಸನದಿಂದ ಚರಿತ್ರೆಯನ್ನು ಬರೆಯಲಾಗದಂತೆ ಒಂದೇ ಲೇಪನದಿಂದ ತೀರ್ಪು ಕೊಡಲಾಗದು.

ಆದರೆ ರೂಢಿಯ ಕ್ರಮದಲ್ಲಿ ಒಂದು ದೋಷವುಂಟು. ಅಲ್ಲಿ ಸಾಕ್ಷ್ಯ ನುಡಿಯುವ ಬಣ್ಣ ಕಂದು, ಮೆಲನಿನ್ನೂ ಕಂದು. ವರ್ಣದ್ರವ್ಯ ದಟ್ಟವಾದ ಗಂತಿಯಲ್ಲಿ ಇವೆರಡನ್ನು ಬೇರ್ಪಡಿಸುವುದು ಕಠಿನ. ಕೆಂಪು ಬಣ್ಣವನ್ನು ಆರಿಸಿದರೆ, ಇಲ್ಲವೆ ಗೀಮ್ಸಾ ಲೇಪನದಿಂದ ಮೆಲನಿನ್ನನ್ನು ಹಸುರುನೀಲಿಯಾಗಿಸಿದರೆ, ಗೊಂದಲ ಬಹುಮಟ್ಟಿಗೆ ತೀರುವುದು.

ಭಾರತೀಯರ ಚರ್ಮದ ಮೆಲನೋಮಗಳಲ್ಲಿ ಅಂಗಾಲಿನ ಪಾಲು ದೊಡ್ಡದು. ಯಾದಗಿರಿ, ಶಹಾಪುರ, ಸುರಪುರಗಳ ಹೊಲಗಳಲ್ಲಿ ಬರಿಗಾಲಿನಿಂದ ದುಡಿಯುವವನು ಆ ಕಪ್ಪು ಕಲೆಯನ್ನು ಮುಳ್ಳಿನ ಗಾಯವೆಂದೇ ಬಗೆದಾನು. ತಡವಾಗಿ ಬಂದ ಅವನ ಅಂಗಾಂಶಕ್ಕೆ ಬಣ್ಣದ ಆಯ್ಕೆಯೂ ಮೋಸಮಾಡಬಾರದು.