ಕೌತುಕನಿಧಿಯ ಚಿತ್ರಗಳು ಮತ್ತು ಗರಡಿಯ ಪಾಲು

ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳ ಸಚಿತ್ರ ಗ್ರಂಥ. ದೇವತಾಮೂರ್ತಿ, ಗ್ರಹ, ಆಗಮಗಳ ನಿರೂಪಣೆ ಮುಗಿದ ಮೇಲೆ ಕೊನೆಯಲ್ಲಿ ಬರುವುದು ಕೌತುಕನಿಧಿ. ಯೋಗಾಸನಗಳೂ ಗಂಜೀಫಾ ಮೊದಲಾದ ಆಟಗಳೂ ಅಲ್ಲಿ ಒಂದೇ ಸೂರಿನಡಿ ಇವೆ. ಅರಸರು ರೂಪಿಸಿದ ಗಂಜೀಫಾ ಆಟಗಳಲ್ಲೊಂದಕ್ಕೆ 360 ಎಲೆಗಳು (ಹಿಡಿಯಲು ಎಷ್ಟು ಕೈ ಬೇಕೋ!). ಸಂಕಲನಕಾರನ ಕಣ್ಣಿಗೆ ಮೈಯ ಕಸರತ್ತೂ ಎಲೆಯಾಟವೂ ಸಮಾನವಾಗಿ ಕೌತುಕ.

ನಾರ್ಮನ್ ಸ್ಜೋಮನ್ ಅವರು 1996ರಲ್ಲಿ ಇದರ 122 ಆಸನಚಿತ್ರಗಳನ್ನು ಪ್ರಕಟಿಸಿ ಉಪಕಾರ ಮಾಡಿದರು. ಆದರೆ ಅನಂತರದ ಓದು ಬಹುಮಟ್ಟಿಗೆ ಆಧುನಿಕ ಯೋಗದ ಮೂಲಶೋಧಕ್ಕೇ ಸೀಮಿತವಾಯಿತು. 1934ರ ಕನ್ನಡ ‘ಯೋಗಮಕರಂದ’ದಲ್ಲಿ ಕೃಷ್ಣಮಾಚಾರ್ಯರು ಶ್ರೀತತ್ತ್ವನಿಧಿಯನ್ನು ಆಕರವಾಗಿ ಹೆಸರಿಸಿರುವುದರಿಂದ ಈ ಆಸಕ್ತಿ ಸಹಜವೇ. ಜಾನಪದ ಅಧ್ಯಯನಕ್ಕೆ ಮುಖ್ಯವಾದುದು ಬೇರೆ. ಈ ಚಿತ್ರಗಳಲ್ಲಿ ಹಗ್ಗ ಹಿಡಿದು ಮಾಡುವ ಭಂಗಿಗಳಿವೆ, ದಂಡ ಹೊಡೆಯುವುದನ್ನು ಹೋಲುವ ಚಲನೆಗಳಿವೆ. ಇವು ಗರಡಿಮನೆಯ ಸಾಮಿಗೆ ಹತ್ತಿರವಾದವು. ಸ್ಜೋಮನ್ ಕೂಡ ಈ ನಂಟನ್ನು ಗುರುತಿಸಿದ್ದಾರೆ. ಅವರನ್ನು ಉಲ್ಲೇಖಿಸುವವರು ಮಾತ್ರ ಇದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಗರಡಿಯ ವಿದ್ಯೆ ಮಟ್ಟಿಯ ಕೆಮ್ಮಣ್ಣಿನಲ್ಲಿ ಮೈಯಿಂದ ಮೈಗೆ ದಾಟಿದ್ದು. ಗ್ರಂಥಕ್ಕಿಂತ ಉಸ್ತಾದನ ಬಾಯಿಮಾತೇ ಅದಕ್ಕೆ ಆಧಾರ. ಅಂಥ ವಿದ್ಯೆಯ ಕುರುಹು ಅರಮನೆಯ ಚಿತ್ರಕಾರನ ಕುಂಚದಲ್ಲಿ ಉಳಿದಿರುವಾಗ ಅದನ್ನು ‘ಯೋಗ’ವೆಂದಷ್ಟೇ ಕರೆದರೆ ಹೆಸರಿಲ್ಲದ ಪೈಲ್ವಾನರ ಪಾಲು ಅಳಿಸಿಹೋಗುತ್ತದೆ.

ಚಿತ್ರಗಳಿಗೆ ಕೊಟ್ಟ ಸಂಸ್ಕೃತ ನಾಮಗಳನ್ನೇ ಅಂತಿಮವೆಂದು ಭಾವಿಸಬೇಕಾಗಿಲ್ಲ. ಈ 122 ಚಿತ್ರಗಳನ್ನು ಮೈಸೂರಿನ ಗರಡಿಗಳ ಹಿರಿಯ ಉಸ್ತಾದರ ಮುಂದಿಟ್ಟು, ಯಾವ ಪಟ್ಟಿಗೆ, ಯಾವ ವರಸೆಗೆ ಅವರ ಬಾಯಲ್ಲಿ ಏನು ಹೆಸರೆಂದು ಕೇಳಿ ದಾಖಲಿಸುವ ಕ್ಷೇತ್ರಕಾರ್ಯ, ಆ ಹಿರಿಯರಿರುವಾಗಲೇ ಆಗಬೇಕು.