ಜಾರುವ ನೆಲದ ಕೈಪಿಡಿ ಮತ್ತು ಕೇಣಿಚಿರದ ಕಾಲುದಾರಿ

ಆಸ್ಪತ್ರೆಯ ಸಿಬ್ಬಂದಿ ಎಡವಿಯೋ ಜಾರಿಯೋ ಬಿದ್ದರೆ ತಪ್ಪನ್ನು ಬಿದ್ದವರ ತಲೆಗೇ ಕಟ್ಟುವ ರೂಢಿ ಎಲ್ಲೆಡೆ ಇರುವಾಗ, ಅದು ಔದ್ಯೋಗಿಕ ಗಾಯ, ಅಂದರೆ ಕೆಲಸದ ಜಾಗದ ಸ್ಥಿತಿಯಿಂದಲೇ ಹುಟ್ಟುವ, ಆದ್ದರಿಂದಲೇ ತಡೆಯಬಹುದಾದ ಗಾಯ ಎಂದು ಅಂಕಿಅಂಶ ಸಮೇತ ವಾದಿಸಿದ್ದು, ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯಾದ ನಯಾಶ್ 2010ರಲ್ಲಿ ಹೊರತಂದ ಕೈಪಿಡಿಯ ಹಿರಿಮೆ. ಸಮತಟ್ಟಾದ ನೆಲದಲ್ಲೇ ಬಿದ್ದು ಕೆಲಸಕ್ಕೆ ಗೈರಾಗಬೇಕಾದ ಪ್ರಕರಣಗಳು 2009ರಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ಹತ್ತು ಸಾವಿರ ನೌಕರರಿಗೆ 38.2 ಇದ್ದರೆ ಉಳಿದ ಖಾಸಗಿ ಉದ್ಯಮಗಳಲ್ಲಿ 20.1 ಇದ್ದವು; ನೆಲ ಒರೆಸುವ ಕ್ರಮ, ಪಾದರಕ್ಷೆ ಮುಂತಾದವನ್ನು ತಿದ್ದಿಕೊಂಡ ಮೂರು ಆಸ್ಪತ್ರೆಗಳಲ್ಲಿ ಪರಿಹಾರ ಕೋರಿಕೆಗಳ ದರ ಶೇ 58ರಷ್ಟು ಇಳಿಯಿತು. ಇಷ್ಟು ನೇರವಾದ ಪುರಾವೆ ಇಂಥ ಕೈಪಿಡಿಗಳಲ್ಲಿ ಅಪರೂಪ.

ಆದರೆ ಹವಾಮಾನದ ಅಪಾಯವೆಂದರೆ ಈ ಕೈಪಿಡಿಗೆ ಹಿಮ ಮತ್ತು ಮಂಜುಗಡ್ಡೆ ಮಾತ್ರ. ವಯನಾಡಿನ ಪೂತಾಡಿ ಪಂಚಾಯತಿಗೆ ಸೇರಿದ ಕೇಣಿಚಿರದಂಥ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಮೆಟ್ಟಿಲುಗಳ ಮೇಲೆ ಹಸಿರು ಪಾಚಿ ಕಟ್ಟುತ್ತದೆ, ಗದ್ದೆಯ ಬದು ಕುಸಿಯುತ್ತದೆ, ಕಾಫಿ ತೋಟದ ಇಳಿಜಾರಿನ ಮಣ್ಣು ಕಾಲಿಟ್ಟಲ್ಲೆಲ್ಲ ಜಾರುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಲಸಿಕೆಯ ಪೆಟ್ಟಿಗೆ ಹಿಡಿದು ಮನೆಮನೆಗೆ ನಡೆಯುವ ದಾದಿಗೆ ಆಸರೆಗೆಂದು ಚಾಚಲು ಕೈಯೇ ಉಳಿಯುವುದಿಲ್ಲ. ಮುಖ್ಯವಾಗಿ ಆಸ್ಪತ್ರೆಯ ಆವರಣವನ್ನೇ ಗಮನದಲ್ಲಿಟ್ಟ ಗ್ರಂಥಕ್ಕೆ ಈಕೆಯ ಮಳೆಗಾಲದ ದಾರಿ ಕಾಣುವುದಿಲ್ಲ.

ಒಳಾಂಗಣದಲ್ಲೂ ಅದರ ಸಲಹೆ ಪೂರ್ತಿ ಹೊಂದುವುದಿಲ್ಲ. ಜಾರದ ಅಡಿಯ ಬೂಟು ಒಳ್ಳೆಯದೇ, ಆದರೆ ಹೆರಿಗೆ ಕೋಣೆಯ ಬಾಗಿಲಲ್ಲಿ ಸ್ವಂತ ಪಾದರಕ್ಷೆ ಬಿಟ್ಟು ಎಲ್ಲರಿಗೂ ಸೇರಿದ, ಅಡಿ ಸವೆದ ರಬ್ಬರ್ ಚಪ್ಪಲಿ ಮೆಟ್ಟಿ ಒಳಹೋಗುವ ಪದ್ಧತಿಯಿರುವ ಕಡೆ ಸೋಂಕು ತಡೆಯುವ ನಿಯಮವೇ ಕಾಲು ಜಾರಿಸುತ್ತದೆ.

ಕೈಪಿಡಿ ತೋರಿಸುವ ಇಳಿಕೆಯ ಲೆಕ್ಕ ಪರಿಹಾರ ಕೋರಿದವರ ದಾಖಲೆಯ ಮೇಲೆ ನಿಂತಿದೆ ಎಂಬುದೇ ಅದರ ಅತಿ ದೊಡ್ಡ ಮಿತಿ. ಉದ್ಯೋಗದ ನಿಮಿತ್ತ ಆದ ಗಾಯಕ್ಕೆ ಮಾಲೀಕನೇ ಹೊಣೆ ಎಂಬ ತತ್ವ ಭಾರತದಲ್ಲಿ 1923ರ ಕಾಯಿದೆಯಿಂದಲೇ ಇದ್ದರೂ, 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ, ದಾದಿಯಂತೆಯೇ ಮನೆಮನೆಗೆ ನಡೆಯುವ ಆಶಾ ಕಾರ್ಯಕರ್ತೆಯನ್ನು ಸರ್ಕಾರ ಸ್ವಯಂಸೇವಕಿ ಎಂದು ಕರೆಯುತ್ತದೆಯೇ ಹೊರತು ನೌಕರಳೆಂದಲ್ಲ; ಹಾಗಾಗಿ ಆಕೆ ಬಿದ್ದದ್ದು ಅಂಥ ದಾಖಲೆಗೆ ಸೇರುವುದಿಲ್ಲ. 2018ರಲ್ಲಿ ಆಕೆಗೆ ಸಿಕ್ಕ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ರಕ್ಷಣೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಕೊಡುತ್ತದೆ, ಶಾಶ್ವತ ಅಂಗವೈಕಲ್ಯಕ್ಕೂ ಹಣ ಕೊಡುತ್ತದೆ. ಪಾಚಿಯ ಮೆಟ್ಟಿಲಲ್ಲಿ ಮುರಿದು ಆರು ವಾರಗಳಲ್ಲಿ ಕೂಡಿಕೊಳ್ಳುವ ಮಣಿಕಟ್ಟಿಗೆ ಅದರಲ್ಲಿ ಏನೂ ಇಲ್ಲ.